ನಾನು ಅಜ್ಞಾತ ಕವಿಯಾದದ್ದು

ನಾನೊಬ್ಬ ಸ್ವತಂತ್ರ ಜಾನಪದ ಗಾಯಕ. ಸ್ವತಂತ್ರ ಎಂದರೆ ಯಾವ ತಂಡದವರೂ ನನ್ನನ್ನು ಸೇರಿಸಿಕೊಂಡಿಲ್ಲ ಎಂದು ಅರ್ಥ. ವಾಸ ಶಿವಮೊಗ್ಗದ ರವೀಂದ್ರನಗರ. ಹಗಲು ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ಗಣಪತಿ ಪೆಂಡಾಲು, ಗೃಹಪ್ರವೇಶ, ಸೀಮಂತ, ನಿವೃತ್ತರ ಬೀಳ್ಕೊಡುಗೆ, ಹೀಗೆ ಯಾರು ಕರೆದರೂ ಹೋಗಿ ಹಾಡುತ್ತೇನೆ. ಕರೆಯದೆ ಹೋಗಿ ಹಾಡಿದ್ದೂ ಉಂಟು. ಯೂಟ್ಯೂಬಿನಲ್ಲಿ ನನ್ನದೇ ಒಂದು ಚಾನೆಲ್ ಇದೆ. ಅದರ ಚಂದಾದಾರರಲ್ಲಿ ಬಹುಪಾಲು ನನ್ನ ಹೆಂಡತಿಯ ತವರಿನವರು. ಅವರೂ ಅವಳು ಒಬ್ಬೊಬ್ಬರ ಫೋನು ಇಸ್ಕೊಂಡು ಒತ್ತಿದ್ದರಿಂದ ಆದವರು.

ಇಪ್ಪತ್ತು ವರ್ಷ ಯಾರು ಯಾರೋ ಕಟ್ಟಿದ ಹಾಡುಗಳನ್ನು ಹಾಡಿದ ಮೇಲೆ ನನಗೂ ಒಂದು ಆಸೆ ಹುಟ್ಟಿತು. ನಾನೂ ಹಾಡು ಬರೆಯಬೇಕು, ಅದರ ಕೆಳಗೆ ನನ್ನ ಹೆಸರಿರಬೇಕು. ಹೆಸರಿಗೇನೂ ಕೊರತೆಯಿಲ್ಲ, ಅಪ್ಪ ಅಮ್ಮ ಮಂಜುನಾಥ ಎಂದು ಚೆನ್ನಾಗಿಯೇ ಇಟ್ಟಿದ್ದಾರೆ. ಯಾರಾದರೂ ಅದನ್ನು ಮೈಕಿನಲ್ಲಿ ‘ಕವಿ ಮಂಜುನಾಥ’ ಎಂದು ಕೂಗಬೇಕು, ಅಷ್ಟೇ. ಬರೆದೆ. ಒಂದಲ್ಲ, ನಲವತ್ತು ಹಾಡು ಬರೆದೆ! ಆದರೆ ವೇದಿಕೆಯ ಮೇಲೆ “ಈಗ ನನ್ನದೇ ಒಂದು ಸ್ವಂತ ರಚನೆ” ಎಂದು ಬಾಯಿ ತೆರೆದರೆ ಸಾಕು, ಮುಂದಿನ ಸಾಲಿನವರು ಎದ್ದು ಊಟದ ಹಾಲ್ ಕಡೆ ನಡೆಯುತ್ತಿದ್ದರು. ಅಲ್ಲಿ ಇನ್ನೂ ಎಲೆ ಹಾಕಿರುತ್ತಿರಲಿಲ್ಲ, ಆದರೂ ನಡೆಯುತ್ತಿದ್ದರು.

ನಲವತ್ತರಲ್ಲಿ ಒಂದು ಹಾಡು ಮಾತ್ರ ನಿಜವಾಗಿಯೂ ಚೆನ್ನಾಗಿತ್ತು. ಹಾಗೆಂದು ನನ್ನ ಹೆಂಡತಿ ಸುಮಾ ಹೇಳಿದ್ದಳು. ಅವಳು ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು, ಯಾವುದನ್ನೂ ಸುಮ್ಮನೆ ಮಂಜೂರು ಮಾಡುವವಳಲ್ಲ. ಗಂಡ ಉಪ್ಪು ತರಲು ಸಂತೆಗೆ ಹೋಗಿದ್ದಾನೆ, ಹೆಂಡತಿ ಕಾಯುತ್ತಿದ್ದಾಳೆ. ಇಷ್ಟೇ ಹಾಡು.

ಉಪ್ಪು ತರಹೋದವನು ಸಂತೇಲಿ ಕುಂತವನೆ
ತಪ್ಪು ಯಾರದೆ ಎಲೆ ಗೆಳತಿ – ಒಲೆಮ್ಯಾಲೆ
ಸಪ್ಪೆ ಸಾರೊಂದು ಕುದಿತಾದೆ

ಆಗಲೇ ಒಂದು ಸಾಂಸ್ಕೃತಿಕ ಸಂಘದವರು ಶಿವಮೊಗ್ಗದಲ್ಲಿ ದೊಡ್ಡ ಜಾನಪದ ಕಾರ್ಯಕ್ರಮ ಮಾಡುವ ಸುದ್ದಿ ಬಂತು. ಅರ್ಜಿ ನಮೂನೆ ತಂದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಮೂಲ ಜಾನಪದ ಗೀತೆಗಳಿಗೆ ಮಾತ್ರ ಅವಕಾಶ. ಸ್ವಂತ ರಚನೆಗಳನ್ನು ಪರಿಗಣಿಸಲಾಗುವುದಿಲ್ಲ.’

ಬೇರೆಯವರಾಗಿದ್ದರೆ ಅರ್ಜಿ ಮಡಚಿ ಇಡುತ್ತಿದ್ದರು. ನನಗೆ ಬುದ್ಧಿ ಜಾಸ್ತಿ. ಒಂದು ಯೋಜನೆ ಹಾಕಿದೆ. ಮೊದಲು ಇದನ್ನು ಹಳೇ ಜನಪದ ಹಾಡು ಎಂದು ಹೇಳಿ ಹಾಡುವುದು. ಜನ ಎದ್ದು ಹೋಗುವುದಿಲ್ಲ, ಕೂತು ಕೇಳುತ್ತಾರೆ, ಮೆಚ್ಚುತ್ತಾರೆ. ಹಾಡು ಊರೆಲ್ಲ ಹರಡುತ್ತದೆ. ಆಮೇಲೆ ಒಂದು ದಿನ ವಿನಯದಿಂದ ತಲೆ ತಗ್ಗಿಸಿ, “ಕ್ಷಮಿಸಿ, ಅದನ್ನು ಬರೆದವನು ನಾನೇ” ಎಂದು ಘೋಷಿಸುವುದು! ತಲೆ ತಗ್ಗಿಸುವುದನ್ನು ಕನ್ನಡಿಯ ಮುಂದೆ ಎರಡು ಸಲ ಅಭ್ಯಾಸವನ್ನೂ ಮಾಡಿದೆ.

ಅರ್ಜಿಯಲ್ಲಿ ಇನ್ನೊಂದು ಕಲಂ ಇತ್ತು. ‘ಹಾಡನ್ನು ಯಾರಿಂದ ಕಲಿತದ್ದು? ಹೆಸರು, ವಯಸ್ಸು, ಊರು.’ ಭದ್ರಾವತಿಯ ಜನ್ನಾಪುರದಲ್ಲಿ ಸುಮಾಳ ದೊಡ್ಡಮ್ಮ ಇದ್ದಾರೆ, ಗಂಗಮ್ಮ ಎಂದು. ಹಾಗಾಗಿ ನನಗೂ ದೊಡ್ಡಮ್ಮನೇ. ಅವರ ಹೆಸರು ಬರೆದೆ. ವಯಸ್ಸು ಎಪ್ಪತ್ತೊಂದು. ಜನಪದ ಹಾಡಿಗೆ ಇದು ಸಾಲದು ಅನ್ನಿಸಿ ಎಂಬತ್ತೈದು ಮಾಡಿದೆ.

ಸುಮಾ ಹಿಂದಿನಿಂದ ಬಗ್ಗಿ ನೋಡಿದಳು. “ರೀ, ದೊಡ್ಡಮ್ಮ ಹಾಡೋದು ಭಜನೆ ಮಾತ್ರ. ಯಾರಾದ್ರೂ ಹೋಗಿ ಕೇಳಿದ್ರೆ ಏನ್ಮಾಡ್ತೀರಿ?”

“ಅರ್ಜಿ ಯಾರು ಓದ್ತಾರೆ ಮಾರಾಯ್ತಿ!” ಎಂದೆ.

“ನಾನು ಓದ್ತೀನಿ. ದಿನಾ ಅದೇ ನನ್ನ ಕೆಲಸ” ಎಂದು ಹೇಳಿ ಅವಳು ಒಳಗೆ ಹೋದಳು.

ನಾಲ್ಕನೇ ದಿನ ಫೋನು ಬಂತು.

“ಮಂಜುನಾಥ್ ಅವರಾ? ನಾನು ಶಾಂತಯ್ಯ. ವಿದ್ಯಾನಗರದಿಂದ ಮಾತಾಡ್ತಿದೀನಿ.”

ಪ್ರೊಫೆಸರ್ ಶಾಂತಯ್ಯನವರೆಂದರೆ ನಮ್ಮ ಕಡೆ ಜಾನಪದದ ಕೊನೇ ಮಾತು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಇಡೀ ಜೀವಮಾನ ಹಳ್ಳಿ ಹಳ್ಳಿ ಸುತ್ತಿ ಹಾಡು ಬರೆದುಕೊಂಡವರು. ಆ ಕಾರ್ಯಕ್ರಮಕ್ಕೆ ಹಾಡುಗಳನ್ನು ಆರಿಸುವ ಕೆಲಸ ಅವರದೇ ಎಂದು ನನಗೆ ಆಗ ತಿಳಿಯಿತು. ಅವರ ದನಿ ನಡುಗುತ್ತಿತ್ತು.

“ಉಪ್ಪಿನ ಹಾಡು ಓದಿದೆ. ಇಷ್ಟು ವರ್ಷದಲ್ಲಿ ಎಲ್ಲೂ ಈ ಹಾಡು ನನ್ನ ಕಿವಿಗೆ ಬಿದ್ದಿಲ್ಲ ನೋಡಿ! ಆ ತಾಯಿಯನ್ನ ನಾನು ನೋಡ್ಬೇಕು. ಯಾವಾಗ ಹೋಗೋಣ?”

ಅವರಿಗೆ ಅಲ್ಲೇ ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಹಾಡು ಹೋಗುತ್ತದೆ, ವೇದಿಕೆ ಹೋಗುತ್ತದೆ, ಕವಿ ಮಂಜುನಾಥ ಹುಟ್ಟುವ ಮೊದಲೇ ಹೋಗುತ್ತಾನೆ. “ಸಾರ್, ಅವರಿಗೆ ಮೈ ಹುಷಾರಿಲ್ಲ. ಹಾಸಿಗೆ ಹಿಡಿದುಬಿಟ್ಟಿದಾರೆ” ಎಂದೆ.

“ಅಯ್ಯೋ! ಹಾಗಾದ್ರೆ ತಡ ಮಾಡೋ ಹಾಗೇ ಇಲ್ಲ. ನಾಳೆನೇ ಹೋಗೋಣ!”

ಆ ಸಂಜೆಯೇ ಸ್ಕೂಟರ್ ಹತ್ತಿ ಜನ್ನಾಪುರಕ್ಕೆ ಓಡಿದೆ. ದೊಡ್ಡಮ್ಮ ನಡುಮನೆಯಲ್ಲಿ ಕೂತು ಹುರಳಿಕಾಯಿ ಮುರಿಯುತ್ತಿದ್ದರು. ದೊಡ್ಡಪ್ಪ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಆ ಹೊತ್ತಿಗೆ ವಾಕಿಂಗ್ ಹೋಗಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡು ವಿಷಯವನ್ನೆಲ್ಲ ಬಿಚ್ಚಿ ಹೇಳಿದೆ. ವಯಸ್ಸಿನ ವಿಷಯವೊಂದನ್ನು ಬಿಟ್ಟು.

ದೊಡ್ಡಮ್ಮ ಹುರಳಿಕಾಯಿ ಕೆಳಗಿಟ್ಟರು. “ನೋಡಿ ಅಳಿಯಂದ್ರೇ, ನಾನು ಪ್ರತಿ ಸೋಮವಾರ ದೇವಸ್ಥಾನಕ್ಕೆ ಭಜನೆಗೆ ಹೋಗೋಳು. ಸುಳ್ಳು ಹೇಳಲ್ಲ. ಹಾಡ್ಬೇಕು ಅಂದ್ರೆ ಹಾಡ್ತೀನಿ. ಎಲ್ಲಿ, ಹೇಳ್ಕೊಡಿ.”

ಹಾಡಿ ತೋರಿಸಿದೆ. ಭಜನೆಯ ಗಂಟಲು, ಎರಡೇ ಸಲಕ್ಕೆ ಹಿಡಿದುಬಿಟ್ಟರು. ಆದರೆ ಮೂರನೇ ಸಲ ಮಧ್ಯದಲ್ಲಿ ನಿಲ್ಲಿಸಿದರು.

“ಇದು ಯಾವ ಹೊತ್ತಲ್ಲಿ ನಡೆಯೋದು?”

“ಯಾವುದು?”

“ಇದೇ, ಇವಳು ಕಾಯೋದು. ಬೆಳಿಗ್ಗೆನೋ ಸಾಯಂಕಾಲನೋ?”

ನಾನು ಯೋಚಿಸಿರಲಿಲ್ಲ. “ಹೊತ್ತು ಅಂತ ಏನಿಲ್ಲ ದೊಡ್ಡಮ್ಮ. ಹಾಡು, ಅಷ್ಟೇ.”

“ಅದ್ಹೇಗೆ ಆಗುತ್ತೆ? ಹಗಲಾಗಿದ್ರೆ ಪಕ್ಕದ ಮನೆ ಸೆಲ್ವಿ ಹತ್ರ ಒಂದು ಹಿಡಿ ಉಪ್ಪು ಇಸ್ಕೊಂಡು ಬರ್ತಿದ್ಲು, ಸಾರು ಯಾಕೆ ಸಪ್ಪೆ ಇರ್ತಿತ್ತು? ದೀಪ ಹಚ್ಚಿದ ಮೇಲೆ ಯಾರೂ ಉಪ್ಪು ಕೊಡಲ್ಲ, ಕೇಳೋ ಹಾಗೂ ಇಲ್ಲ. ಅದಕ್ಕೇ ಕೂತಿದಾಳೆ ಪಾಪ. ಇದನ್ನ ಬರೆದೋರು ಅಡುಗೆಮನೆ ಕಡೆ ತಲೆ ಹಾಕಿದೋರಲ್ಲ ಬಿಡಿ.”

ಬರೆದವನು ಎದುರಿಗೇ ಕೂತಿದ್ದೆ! ಮುಖ ಒರೆಸಿಕೊಂಡೆ.

ದೊಡ್ಡಮ್ಮ ಮತ್ತೆ ಹುರಳಿಕಾಯಿ ಕೈಗೆತ್ತಿಕೊಂಡರು. ಆಮೇಲೆ, “ನಾನು ಹೊಸದಾಗಿ ಮದುವೆಯಾಗಿ ಬಂದಾಗ ಇವರಿಗೆ ಸೆಕೆಂಡ್ ಶಿಫ್ಟು. ಒಂದಿನ ಹಿಂಗೇ ಆಗಿತ್ತು” ಎಂದರು. ಅಷ್ಟೇ ಹೇಳಿದ್ದು. ಹುರಳಿಕಾಯಿ ಮುರಿಯುತ್ತ ಗುನುಗಿದರು, ತಡೆದರು, ಮತ್ತೆ ಗುನುಗಿದರು. ನಂತರ ಒಂದೇ ಉಸಿರಿಗೆ ಹಾಡಿದರು.

ದೀಪ ಹಚ್ಚಿದ ಮ್ಯಾಲೆ ಉಪ್ಯಾರು ಕೊಡುತಾರೆ
ಕೋಪ ಬಂದರೂ ನಗಬೇಕು – ನನ್ನೊಡಲ
ತಾಪ ಒಲೆಗಷ್ಟೆ ಗೊತ್ತೈತೆ

ನನಗೆ ಮೈ ಜುಮ್ಮೆಂದಿತು. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಬಂತು, ಸುಳ್ಳೇಕೆ ಹೇಳಲಿ? ನಾನು ಮೂರು ತಿಂಗಳು ತಿದ್ದಿ ತೀಡಿ ಬರೆದ ಹಾಡಿಗೆ ಇವರು ಒಂದು ಬುಟ್ಟಿ ಹುರಳಿಕಾಯಿ ಮುಗಿಯುವುದರೊಳಗೆ ಇಂಥ ನುಡಿ ಸೇರಿಸಿಬಿಟ್ಟರಲ್ಲ!

“ಅದು ಬೇಡ ದೊಡ್ಡಮ್ಮ. ಅದು ಹಾಡಲ್ಲಿಲ್ಲ” ಎಂದೆ.

“ಇಲ್ದಿದ್ರೆ ಹಾಕ್ಕೊಳ್ಳಿ” ಎಂದು ಅವರು ಒಳಗೆ ಹೋಗಿ ಕಾಫಿ ತಂದರು.

ಮರುದಿನ ಬೆಳಿಗ್ಗೆ ಪ್ರೊಫೆಸರರು ಬಾಡಿಗೆ ಕಾರು ಮಾಡಿಸಿಕೊಂಡು ಬಂದರು. ಕೈಯಲ್ಲಿ ರೆಕಾರ್ಡರು, ಹೆಗಲಿಗೆ ಚೀಲ, ರೋಗಿಗೆಂದು ಒಂದು ಡಜನ್ ಮೋಸಂಬಿ. ದಾರಿಯುದ್ದಕ್ಕೂ ದನಿ ತಗ್ಗಿಸಿಯೇ ಮಾತಾಡಿದರು. “ಹಾಸಿಗೆ ಪಕ್ಕದಲ್ಲೇ ಕೂತು ರೆಕಾರ್ಡ್ ಮಾಡ್ಕೋತೀನಿ. ಅವರಿಗೆ ಆಯಾಸ ಆಗ್ಬಾರ್ದು.”

ನಾವು ಕಾರಿಳಿದಾಗ ಹಾಸಿಗೆ ಹಿಡಿದ ದೊಡ್ಡಮ್ಮ ಗೇಟಿನಿಂದ ಅಡುಗೆಮನೆಗೆ ತುಂಬಿದ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಹೋಗುತ್ತಿದ್ದರು!

ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಎಂದುಕೊಂಡೆ. ಪ್ರೊಫೆಸರರು ನನ್ನ ತೋಳು ಹಿಡಿದು, “ನೋಡಿದ್ರಾ? ಹಾಡನ್ನ ಕೇಳೋರು ಬರ್ತಾರೆ ಅಂತ ಗೊತ್ತಾಗಿದ್ದೇ ತಡ, ಎದ್ದು ಓಡಾಡ್ತಿದಾರೆ! ಇದೇ ಜಾನಪದದ ಜೀವಶಕ್ತಿ” ಎಂದರು. ಚೀಲದಿಂದ ನೋಟ್‌ಬುಕ್ ತೆಗೆದು ಅದನ್ನು ಬರೆದೂ ಇಟ್ಟುಕೊಂಡರು.

ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ನಮ್ಮಿಬ್ಬರಿಗೂ ತಟ್ಟೆಯಲ್ಲಿ ನಿಪ್ಪಟ್ಟು ಕೊಟ್ಟು, ಚಾಪೆಯ ಮೇಲೆ ಕೂತು ಹಾಡಿದರು. ದೀಪದ ನುಡಿಯನ್ನೂ ಸೇರಿಸಿಯೇ ಹಾಡಿದರು. ಪ್ರೊಫೆಸರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕೇಳಲೇಬೇಕಾದ ಪ್ರಶ್ನೆ ಕೇಳಿದರು.

“ತಾಯೀ, ಈ ಹಾಡು ಯಾರಿಂದ ಕಲಿತ್ರಿ?”

“ನಮ್ಮ ಅಳಿಯಂದ್ರಿಂದ” ಎಂದು ದೊಡ್ಡಮ್ಮ ನನ್ನ ಕಡೆ ಕೈ ತೋರಿಸಿದರು.

ನಾನು ನಿಪ್ಪಟ್ಟು ನುಂಗಿದೆ. ಅದು ಗಂಟಲಲ್ಲಿ ಅಡ್ಡ ನಿಂತಿತು. ಪ್ರೊಫೆಸರರು ಮಗುವನ್ನು ರಮಿಸುವವರ ಹಾಗೆ ನಕ್ಕರು. “ಯಾವಾಗ ಕಲಿತ್ರಿ ತಾಯೀ?”

“ನಿನ್ನೆ.”

“ನಿನ್ನೆ!” ಪ್ರೊಫೆಸರರು ನನ್ನ ಕಿವಿಗೆ ಬಾಯಿ ತಂದರು. “ಕೇಳಿದ್ರಾ ಮಂಜುನಾಥ್? ಅವರಿಗೆ ಎಪ್ಪತ್ತು ವರ್ಷದ ಹಿಂದಿನದೂ ನಿನ್ನೆನೇ. ಕಾಲದ ಪರಿವೆ ಇಲ್ಲ. ಎಂಬತ್ತೈದು ವರ್ಷ ಅಂದ್ರೆ ಸುಮ್ನೆನಾ?”

ದೊಡ್ಡಮ್ಮನ ಕಿವಿ ಚುರುಕು. “ಯಾರಿಗೆ ಎಂಬತ್ತೈದು?”

ಪ್ರೊಫೆಸರರು ಸಂತೋಷದಿಂದ ಅರ್ಜಿ ತೆಗೆದು ತೋರಿಸಿದರು. ದೊಡ್ಡಮ್ಮ ಓದಿದರು. ಇಷ್ಟು ಹೊತ್ತು ನನ್ನ ಸುಳ್ಳನ್ನೆಲ್ಲ ಸಹಿಸಿಕೊಂಡಿದ್ದ ಮುಖ ಕೆಂಪಾಯಿತು. “ಅಳಿಯಂದ್ರೇ, ನಾನು ನಿಮಗೆ ಎಂಬತ್ತೈದರ ಮುದುಕಿ ಥರ ಕಾಣ್ತೀನಾ?” ಎಂದು ನನ್ನ ಮುಂದಿದ್ದ ನಿಪ್ಪಟ್ಟಿನ ತಟ್ಟೆಯನ್ನು ಎತ್ತಿ ಪ್ರೊಫೆಸರರ ಮುಂದಿಟ್ಟರು. ಆವತ್ತು ನನಗೆ ಮತ್ತೆ ಏನೂ ಸಿಗಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಪ್ರೊಫೆಸರರು ಬರೆದುಕೊಂಡದ್ದನ್ನು ಓದಿ ಹೇಳಿದರು: ‘ಕಲಾವಿದೆಗೆ ಮೂಲ ನೆನಪಿಲ್ಲ. ಹಾಡು ಅತ್ಯಂತ ಪ್ರಾಚೀನವಾದದ್ದು.’ ಬರೆದು ಆಗ ಬರೀ ಐದು ತಿಂಗಳಾಗಿತ್ತು! ಆದರೂ ನನಗೆ ಒಳಗೊಳಗೇ ಖುಷಿಯಾಯಿತು. ಸಿಕ್ಕಿಬೀಳಲಿಲ್ಲ, ವೇದಿಕೆ ಉಳಿಯಿತು, ಇನ್ನೇನು ಬೇಕು?

“ಇನ್ನು ಕಾರ್ಯಕ್ರಮದ ವಿಷಯ” ಎಂದರು ಪ್ರೊಫೆಸರರು. “ಮೂಲ ಕಲಾವಿದೆಯೇ ಇಷ್ಟು ಗಟ್ಟಿಯಾಗಿರುವಾಗ ನೀವು ಹಾಡೋದು ಸರಿಯಲ್ಲ, ಅಲ್ವಾ? ಅವರೇ ಹಾಡ್ಲಿ. ನೀವು ಹಿಂದೆ ತಾಳ ಹಾಕಿ.”

ತಾಳ! ಇಪ್ಪತ್ತು ವರ್ಷದ ಸಾಧನೆಗೆ ಎರಡು ಹಿತ್ತಾಳೆ ಬಿಲ್ಲೆ.

ಮನೆಗೆ ಬಂದು ಸುಮಾಗೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. “ಈಗ್ಲಾದ್ರೂ ಹೋಗಿ ನಿಜ ಹೇಳ್ರೀ. ನಿಮ್ದೇ ಹಾಡು, ನಿಮಗೆ ಬೇಜಾರಾಗಲ್ವಾ?” ಎಂದಳು. ಬೇಜಾರಾಗುತ್ತಿತ್ತು. ತುಂಬಾ ಆಗುತ್ತಿತ್ತು. ಆದರೆ ಈಗ ಹೇಳಿದರೆ ಕಣ್ಣೀರು ಹಾಕಿದ ಆ ದೊಡ್ಡ ಮನುಷ್ಯನ ಮುಖ ನೋಡುವುದು ಹೇಗೆ? ಕಾರ್ಯಕ್ರಮ ಒಂದು ಮುಗಿಯಲಿ ಎಂದೆ. ಧೈರ್ಯವಿಲ್ಲದವರು ಎಲ್ಲವನ್ನೂ ಕಾರ್ಯಕ್ರಮ ಮುಗಿಯಲಿ ಎಂದೇ ಮುಂದೆ ಹಾಕುತ್ತಾರೆ.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ದೊಡ್ಡಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ತಲೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು ಬಂದಿದ್ದರು. ನಿರೂಪಕಿ, “ಎಂಬತ್ತೈದರ ಹರೆಯದ ಗಂಗಮ್ಮನವರು...” ಎಂದು ಶುರು ಮಾಡಿದಳು. ದೊಡ್ಡಮ್ಮ ನೇರವಾಗಿ ಹೋಗಿ ಮೈಕು ಹಿಡಿದು, “ಎಪ್ಪತ್ತೊಂದು” ಎಂದರು. ಸಭೆ ಚಪ್ಪಾಳೆ ತಟ್ಟಿತು. ಹಾಡುವ ಮೊದಲೇ ಗೆದ್ದುಬಿಟ್ಟರು!

ಹಾಡಿದರು. ನಾನು ಹಿಂದೆ ಕೂತು ತಾಳ ಹಾಕಿದೆ. ‘ಸಪ್ಪೆ ಸಾರೊಂದು’ ಎಂದಾಗ ಜನ ನಕ್ಕರು. ದೀಪದ ನುಡಿ ಬಂದಾಗ ಯಾರೂ ಮಿಸುಕಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ. ನನ್ನ ಹಾಡನ್ನು ಜನ ಕೊನೆಯವರೆಗೆ ಕೂತು ಕೇಳಿದ್ದು ಅದೇ ಮೊದಲು. ನನ್ನ ಬೆನ್ನಿಗೊಬ್ಬರು ಕೈಯಿಟ್ಟಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆನೇನೋ.

ಚಪ್ಪಾಳೆ ನಿಂತ ಮೇಲೆ ದೊಡ್ಡಮ್ಮ ಮತ್ತೆ ಮೈಕು ಹಿಡಿದರು. “ಇದು ನನ್ನ ಹಾಡಲ್ಲ. ಇದನ್ನ ಕಟ್ಟಿದೋರು ಇಲ್ಲೇ ಹಿಂದೆ ಕೂತಿದಾರೆ, ನಮ್ಮ ಅಳಿಯಂದ್ರು.”

ಬಂತು, ಗಳಿಗೆ ಬಂತು! ನಾನು ಎದ್ದು ನಿಂತು, ಅಭ್ಯಾಸ ಮಾಡಿದಂತೆ ವಿನಯದಿಂದ ತಲೆ ತಗ್ಗಿಸಿದೆ.

ಪ್ರೊಫೆಸರರು ಇನ್ನೊಂದು ಮೈಕು ಕಸಿದುಕೊಂಡರು. “ನೋಡಿ ಮಹನೀಯರೇ! ಇದೇ ನಮ್ಮ ಜನಪದ ತಾಯಂದಿರ ದೊಡ್ಡತನ! ಬಾಯಿಂದ ಬಾಯಿಗೆ ಬಂದ ಸಂಪತ್ತನ್ನು ತನ್ನದು ಅನ್ನೋದಿಲ್ಲ. ಮನೆ ಅಳಿಯನಿಗೆ ಬಿಟ್ಟುಕೊಡ್ತಾರೆ!”

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ದೊಡ್ಡಮ್ಮನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎದ್ದು ನಿಂತವನು ನಾನೊಬ್ಬನೇ ಆದ್ದರಿಂದ ಯಾರೋ ಬಂದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, “ಕಾರಿಗಿಡಿ” ಎಂದರು.

ಮರುವಾರ ನನ್ನ ಹಾಡಿನ ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ವಿದ್ಯಾನಗರಕ್ಕೆ ಹೋದೆ. ಅದರಲ್ಲಿ ಹಾಡಿತ್ತು, ಹೊಡೆದು ಹಾಕಿದ ಸಾಲುಗಳಿದ್ದವು, ಬರೆದ ತಾರೀಖೂ ಇತ್ತು. ಇಷ್ಟು ಗಟ್ಟಿ ಸಾಕ್ಷಿ ಇರುವಾಗ ಹೆದರಿಕೆಯೇಕೆ? ಅವರ ಕಾಲಿಗೆ ನಮಸ್ಕಾರ ಮಾಡಿ, ಅರ್ಜಿಯಿಂದ ಹಿಡಿದು ಮೋಸಂಬಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ.

ಪ್ರೊಫೆಸರರು ಸಿಟ್ಟಾಗಲಿಲ್ಲ. ನೋಟ್‌ಬುಕ್ಕನ್ನು ಎರಡು ಸಲ ಓದಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ದೀಪದ ನುಡಿ ಎಲ್ಲಿ?”

“ಅದು... ಅದು ದೊಡ್ಡಮ್ಮ ಸೇರಿಸಿದ್ದು ಸಾರ್.”

“ನೋಡಿ ಮಂಜುನಾಥ್, ಇಡೀ ಹಾಡಿನ ಪ್ರಾಣ ಇರೋದೇ ಆ ನುಡಿಯಲ್ಲಿ. ಅದಿಲ್ದೆ ಉಳಿದದ್ದು ನಿಲ್ಲೋದೇ ಇಲ್ಲ. ಉಪ್ಪು ಪಕ್ಕದ ಮನೇಲಿ ಸಿಗ್ತಿತ್ತಲ್ಲ! ಹಾಡು ಕಟ್ಟಿದೋರಿಗೆ ಇದು ಗೊತ್ತಿರ್ಲೇಬೇಕು. ನಿಮಗೆ ಗೊತ್ತಿತ್ತಾ?”

“ಇಲ್ಲ ಸಾರ್.”

“ಅಂದ್ಮೇಲೆ? ನೀವು ಎಲ್ಲೋ ಚಿಕ್ಕಂದಿನಲ್ಲಿ ಕೇಳಿರ್ತೀರಿ. ಮನಸ್ಸಲ್ಲಿ ಅರ್ಧ ಉಳಿದಿದೆ. ಆ ಅರ್ಧವನ್ನ ನಾನೇ ಬರೆದೆ ಅಂದ್ಕೊಂಡು ಬರೆದಿದೀರಿ. ಬಹಳ ಜನಕ್ಕೆ ಹೀಗಾಗುತ್ತೆ, ನಾಚಿಕೆ ಪಡಬೇಡಿ.” ಅವರು ಎದ್ದು ನನ್ನ ಭುಜ ತಟ್ಟಿದರು. “ಸತ್ಯ ಹೇಳೋಕೆ ಬಂದ್ರಲ್ಲ, ಅದು ಸಂತೋಷ. ಕಾಫಿ ಕುಡೀತೀರಾ?”

ಕಾಫಿ ಕುಡಿದೆ. ಇನ್ನೇನು ಮಾಡಲಿ? ನೋಟ್‌ಬುಕ್ ಮತ್ತೆ ಕಂಕುಳಿಗೆ ಸೇರಿತು. ಸ್ಕೂಟರಿನಲ್ಲಿ ಬರುತ್ತ ನನಗೇ ಒಂದು ಕ್ಷಣ ಅನುಮಾನ ಬಂತು. ನಿಜವಾಗಿಯೂ ಎಲ್ಲಾದರೂ ಕೇಳಿದ್ದೆನೇ?

ಎರಡು ತಿಂಗಳಿಗೆ ಕಾರ್ಯಕ್ರಮದ ಸ್ಮರಣ ಸಂಚಿಕೆ ಬಂತು. ಹಾಡನ್ನು ಚಂದದ ಚೌಕಟ್ಟು ಹಾಕಿ ಅಚ್ಚು ಮಾಡಿದ್ದರು. ಕೆಳಗೆ ಮೂರು ಸಾಲು: ಹಾಡಿದವರು ಗಂಗಮ್ಮ, ಜನ್ನಾಪುರ (71). ಸಂಗ್ರಹ ಪ್ರೊ. ಶಾಂತಯ್ಯ. ರಚನೆ ಅಜ್ಞಾತ.

“ಆ ಅಜ್ಞಾತ ನಾನೇ ಕಣೇ!” ಎಂದು ಪುಟವನ್ನು ಸುಮಾಗೆ ತೋರಿಸಿದೆ.

“ಅಂತೂ ಅಚ್ಚಾದ್ರಲ್ಲ” ಎಂದು ಅವಳು ಸಂಚಿಕೆಯನ್ನು ಶೋಕೇಸಿನಲ್ಲಿ ಇಟ್ಟಳು. ದೊಡ್ಡಮ್ಮ ಫೋನು ಮಾಡಿ ವಯಸ್ಸು ಸರಿಯಾಗಿ ಬಂದದ್ದಕ್ಕೆ ಸಂತೋಷ ಪಟ್ಟರು. ಭದ್ರಾವತಿಯಲ್ಲಿ ಅವರಿಗೆ ಈಗ ಎರಡು ಕಡೆಯಿಂದ ಸೀಮಂತಕ್ಕೆ ಹಾಡಲು ಕರೆ ಬಂದಿದೆಯಂತೆ. ತಾಳಕ್ಕೆ ನಾನು ಬಿಡುವಾಗಿದ್ದೇನೆಯೇ ಎಂದೂ ಕೇಳಿದರು.

ಹಾಡು ಮಾತ್ರ ನಾನು ಯೋಜನೆ ಹಾಕಿದ್ದಂತೆಯೇ ಹರಡಿತು. ಕಳೆದ ತಿಂಗಳು ರವೀಂದ್ರನಗರದಲ್ಲೇ ಒಂದು ಗೃಹಪ್ರವೇಶಕ್ಕೆ ಕರೆದಿದ್ದರು. ಅವರೇ ಕೇಳಿದರು, “ಉಪ್ಪಿನ ಹಾಡು ಬರುತ್ತಾ ನಿಮಗೆ?” ಎಂದು. ಬರುತ್ತೆ ಎಂದೆ. ಮನಸ್ಸಿಟ್ಟು ಹಾಡಿದೆ, ದೀಪದ ನುಡಿಯನ್ನೂ ಸೇರಿಸಿ. ಮುಗಿದ ಮೇಲೆ ಮನೆಯವರ ಕಡೆಯ ಒಬ್ಬ ವಯಸ್ಸಾದ ಹೆಂಗಸು ಎಲೆ ಅಡಿಕೆ ಹಾಕಿಕೊಳ್ಳುತ್ತ ನನ್ನನ್ನು ಹತ್ತಿರ ಕರೆದರು. ಬಾಯಿಗೆ ಬಂದುಬಿಟ್ಟಿತು, ತಡೆಯಲಾಗಲಿಲ್ಲ.

“ಅಮ್ಮಾ, ಈ ಹಾಡು ಬರೆದಿದ್ದು ನಾನೇ” ಎಂದೆ.

ಅವರು ಬಾಯ್ತುಂಬ ನಕ್ಕರು. “ತಮಾಷೆ ಮಾಡ್ಬೇಡಪ್ಪ. ಇದನ್ನ ನಮ್ಮಜ್ಜಿ ಹಾಡ್ತಿದ್ರು, ನಾನು ಸಣ್ಣೋಳಿದ್ದಾಗ ತೊಡೆ ಮೇಲೆ ಮಲಗಿ ಕೇಳಿದೀನಿ. ಆದ್ರೆ ನೀನು ಎರಡನೇ ಸಾಲು ತಪ್ಪು ಹೇಳ್ದೆ. ‘ಎಲೆ ಗೆಳತಿ’ ಅಲ್ಲ, ‘ನನ ಹಡೆದವ್ವ’ ಅಂತ ಬರುತ್ತೆ. ಕಷ್ಟನ ಗೆಳತಿಗೆ ಹೇಳ್ತಾರಾ ಯಾರಾದ್ರೂ? ತಾಯಿಗೆ ಹೇಳ್ಕೊಳ್ಳೋದು.”

ಹೇಳಿ, ಆ ಸಾಲನ್ನು ಮೆಲ್ಲಗೆ ಹಾಡಿ ತೋರಿಸಿದರು. ಚೆನ್ನಾಗಿತ್ತು. ನನ್ನದಕ್ಕಿಂತ ಬಹಳ ಚೆನ್ನಾಗಿತ್ತು.

“ಎಲ್ಲಿ, ನೀನೊಂದ್ಸಲ ಹೇಳು ನೋಡೋಣ” ಎಂದರು.

ನಾನು ಅವರ ಮುಂದೆ ಕೂತು, ನನ್ನ ಹಾಡನ್ನು ಕಲಿತೆ.